ಮಾವಿನ ಡೈಕಿರಿ ನೀರಾಗದಿರಲು

ಪ್ರಶ್ನೆ: ಬಾದಾಮಿ ಮಾವು, ರಮ್ ಮತ್ತು ಐಸ್ ಸೇರಿಸಿ ಮನೆಯಲ್ಲೇ ರುಬ್ಬಿದ ಫ್ರೋಜನ್ ಡೈಕಿರಿ ಕೆಲವೇ ನಿಮಿಷಗಳಲ್ಲಿ ನೀರಾಗುತ್ತದೆ. ಏನು ಮಾಡಬೇಕು?

ಉತ್ತರ: ಐಸನ್ನು ಬಿಟ್ಟು ಹಣ್ಣನ್ನೇ ಹೆಪ್ಪುಗಟ್ಟಿಸಿ. ಸಿಪ್ಪೆ ತೆಗೆದ ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟರೆ, ರುಬ್ಬುವಾಗ ಅವೇ ಐಸಿನ ಕೆಲಸವನ್ನೂ ಮಾಡುವುದರಿಂದ ರುಚಿ ತೆಳುವಾಗುವುದಿಲ್ಲ. ಇಬ್ಬರಿಗೆ 300 ಗ್ರಾಂ ಹಣ್ಣು, 90 ಮಿಲಿಲೀಟರ್ ಬಿಳಿ ರಮ್ ಮತ್ತು ಒಂದು ನಿಂಬೆಯ ರಸ ಸಾಕು. ರಮ್ಮಿನ ಅಳತೆಯನ್ನು ಹೆಚ್ಚಿಸುವ ಆಸೆ ಬೇಡ. ಮದ್ಯಸಾರವೂ ಸಕ್ಕರೆಯೂ ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ತಗ್ಗಿಸುವುದರಿಂದ, ಅವು ಅತಿಯಾದಷ್ಟೂ ಪಾನೀಯ ಬೇಗ ಸಡಿಲವಾಗುತ್ತದೆ. ಮಾಗಿದ ಬಾದಾಮಿಗೆ ಸಕ್ಕರೆ ಬೇಕೆಂದು ನನಗಂತೂ ಅನಿಸುವುದಿಲ್ಲ. ರಮ್ ಬಾಟಲಿಯನ್ನೂ ಫ್ರೀಜರಿನಲ್ಲಿಡಬಹುದು, ಶೇ. 40ಕ್ಕೂ ಹೆಚ್ಚು ಮದ್ಯಸಾರವಿರುವ ರಮ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗಟ್ಟಿಯಾಗುವುದಿಲ್ಲ. ಮಕ್ಕಳಿಗೆ ಕೊಡುವುದಾದರೆ ರಮ್ಮಿನ ಬದಲು ತಣ್ಣನೆಯ ಎಳನೀರನ್ನು ಬಳಸಿ.