ಜೀವಮಾನವಿಡೀ ಉಚಿತ, ಆದರೆ ಯಾರ ಜೀವಮಾನ?

ಪ್ರಶ್ನೆ: ಮನೆಗೆ ಸ್ಮಾರ್ಟ್ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಡಬ್ಬದ ಮೇಲೆ ‘ಜೀವಮಾನವಿಡೀ ಉಚಿತ ಕ್ಲೌಡ್’ ಎಂದಿದೆ. ನಂಬಬಹುದೇ?

ಉತ್ತರ: ಆ ಜೀವಮಾನ ನಿಮ್ಮದಲ್ಲ, ದೃಶ್ಯಗಳನ್ನು ಕೂಡಿಡುವ ಕಂಪನಿಯ ಸರ್ವರ್‌ನದು! ಮನೆಯ ದೀಪ, ಬೀಗಗಳನ್ನು ಫೋನಿನಿಂದ ನಡೆಸುವ ರಿವಾಲ್ವ್ ಎಂಬ ಸ್ಮಾರ್ಟ್ ಹಬ್‌ಗೂ ಹೀಗೇ ‘ಜೀವಮಾನದ ಚಂದಾ’ ಎಂದಿದ್ದರು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ರಿವಾಲ್ವ್ ಕಂಪನಿಯನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಸುಮಾರು 300 ಡಾಲರ್ ತೆತ್ತವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ.

ಜಾಹೀರಾತು ಬಿಡಿ, ಇಂಟರ್ನೆಟ್ ಇಲ್ಲದೆಯೂ ಕ್ಯಾಮೆರಾ ನಡೆಯುತ್ತದೆಯೇ ಎಂದು ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಪರೀಕ್ಷಿಸಿ. ರೌಟರ್ ಆನ್ ಇರಲಿ, ಹೊರಗಿನ ಇಂಟರ್ನೆಟ್ ಬರುವ ಅದರ ‘ವ್ಯಾನ್’ (WAN) ಪೋರ್ಟಿನ ಕೇಬಲ್ ಮಾತ್ರ ಕೀಳಿ. ಫೋನು ಅದೇ ವೈಫೈನಲ್ಲಿರಲಿ. ಮೊಬೈಲ್ ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಆ್ಯಪ್ ಆ ದಾರಿಯಲ್ಲಿ ಲಾಗಿನ್ ಆಗಿ ನಿಮ್ಮನ್ನು ಯಾಮಾರಿಸುತ್ತದೆ. ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ. ಚಿತ್ರ ಬಾರದಿದ್ದರೆ, ಪಕ್ಕದ ಕೋಣೆಯ ದೃಶ್ಯಕ್ಕೂ ಅದು ಕಂಪನಿಯ ಸರ್ವರನ್ನೇ ನೆಚ್ಚಿದೆ ಎಂದರ್ಥ.

ಆರ್‌ಟಿಎಸ್‌ಪಿ (ಕ್ಯಾಮೆರಾದ ದೃಶ್ಯವನ್ನು ಮನೆಯ ನೆಟ್‌ವರ್ಕಿನಲ್ಲೇ ನೇರವಾಗಿ ಕಳಿಸುವ ವಿಧಾನ) ಸೌಲಭ್ಯವಿದ್ದರೆ ವಿಎಲ್‌ಸಿಯಂಥ ಪ್ಲೇಯರ್‌ನಲ್ಲೂ ನೋಡಬಹುದು. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿ. ಕೆಲವು ಕ್ಯಾಮೆರಾಗಳ ರೆಕಾರ್ಡಿಂಗ್ ಅವುಗಳ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ.