ಲ್ಯಾಬ್ ರಿಪೋರ್ಟ್ ತೋರಿಸಿದರೆ ಗಾಂಜಾ ಆರೋಪ ಬಿದ್ದುಹೋಗುತ್ತಾ?

ಕಲಬುರಗಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಡಿವೋರ್ಸ್ ಕೇಸು ನಡೆಸುವ ವಕೀಲೆ ನಾನು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ನಶೆಯ ಆರೋಪದವೇ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಒಂದಕ್ಕಾದರೂ ಪೂರ್ತಿ ಉತ್ತರ ಬರೆದುಬಿಡುತ್ತೇನೆ.

ಪ್ರಶ್ನೆ: ನಾನು ಗಾಂಜಾ ಸೇದುತ್ತೇನೆ, ಮಗಳನ್ನು ನನ್ನ ಹತ್ತಿರ ಬಿಡಬಾರದು ಅಂತ ಹೆಂಡತಿ ಅರ್ಜಿಯಲ್ಲಿ ಬರೆಸಿದ್ದಾಳೆ. ಅದು ಸುಳ್ಳು. ಪ್ರೈವೇಟ್ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಅದನ್ನು ಕೊಟ್ಟರೆ ಸಾಕಲ್ವಾ? — ಆಳಂದದ ಓದುಗ

ಸಾಕಾಗುವುದಿಲ್ಲ ಅಣ್ಣಾ. ಆ ಡಬ್ಬಿಯಲ್ಲಿದ್ದದ್ದು ನಿಮ್ಮದೇ ಮೂತ್ರ ಅಂತ ಸಾಕ್ಷಿ ಯಾರು? ಎದುರಿನ ವಕೀಲರು ಮೊದಲು ಕೇಳುವುದೇ ಅದನ್ನು. ಅಪರೂಪಕ್ಕೆ ಸೇದುವವರ ಮೂತ್ರದಲ್ಲಿ ಗಾಂಜಾ ಸಿಗುವುದು ಮೂರ್ನಾಲ್ಕು ದಿನ. ದಿನಾ ಸೇದುವವರಲ್ಲಿ ತಿಂಗಳವರೆಗೂ ಸಿಗಬಹುದು. ಅಂದರೆ ಇವತ್ತಿನ ನೆಗೆಟಿವ್ ಹೋದ ವರ್ಷದ ಆರೋಪಕ್ಕೆ ಉತ್ತರವೇ ಅಲ್ಲ. ಕೂದಲಿನ ಪರೀಕ್ಷೆಯಾದರೆ ಸುಮಾರು ಮೂರು ತಿಂಗಳ ಹಿಂದಿನದನ್ನು ಹೇಳುತ್ತದೆ.

ಮೊದಲು ತಕರಾರು, ಅಂದರೆ ಹೆಂಡತಿಯ ಅರ್ಜಿಗೆ ನಿಮ್ಮ ಲಿಖಿತ ಉತ್ತರ, ಸರಿಯಾಗಿ ಹಾಕಿ. ಸಮನ್ಸ್ ಕೈಗೆ ಬಂದ ದಿನದಿಂದ 30 ದಿನ ಇರುತ್ತದೆ. ‘ಎಲ್ಲಾ ಸುಳ್ಳು’ ಅಂತ ಒಂದೇ ಸಾಲು ಬರೆಸಿ ಬರುವವರನ್ನು ಕಂಡರೆ ನನಗೆ ತಲೆ ಕೆಡುತ್ತದೆ. ಬಿಡಿಬಿಡಿಯಾಗಿ ಅಲ್ಲಗಳೆಯದ ಮಾತನ್ನು ನೀವು ಒಪ್ಪಿಕೊಂಡಿದ್ದೀರಿ ಅಂತಲೇ ಕೋರ್ಟು ತಿಳಿಯಬಹುದು. ಯಾವ ದಿನ, ಎಲ್ಲಿ, ಯಾರ ಎದುರು ಸೇದಿದೆ ಅಂತ ಅವರು ಬರೆದಿದ್ದಾರೋ ಅದೊಂದೊಂದಕ್ಕೂ ಉತ್ತರ ಕೊಡಿ. ಆ ದಿನ ಡ್ಯೂಟಿಯಲ್ಲಿದ್ದರೆ ಹಾಜರಿ ಪುಸ್ತಕದ ನಕಲು ತೆಗೆಸಿ. ಮಗಳ ಶಾಲೆಗೆ, ಆಸ್ಪತ್ರೆಗೆ ನೀವೇ ಓಡಾಡಿದ ಚೀಟಿಗಳಿದ್ದರೆ ಜೋಪಾನ ಮಾಡಿ. ಮಗು ಯಾರ ಹತ್ತಿರ ಇರಬೇಕು ಅನ್ನುವಲ್ಲಿ ಕೋರ್ಟು ನೋಡುವುದು ಮಗುವಿನ ಹಿತವನ್ನು. ಆ ಚೀಟಿಗಳು ಅಲ್ಲಿ ತುಂಬಾ ಮಾತಾಡುತ್ತವೆ.

ಆಮೇಲೆ, ಕೋರ್ಟಿನ ಮೂಲಕವೇ ಪರೀಕ್ಷೆ ಆಗಲಿ ಅಂತ ನೀವೇ ಅರ್ಜಿ ಹಾಕಿ. ಕೌಟುಂಬಿಕ ಕೇಸಿನಲ್ಲಿ ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದು ಅಂತ 2003ರಲ್ಲಿ ಶಾರದಾ–ಧರ್ಮಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶವಾದ ಮೇಲೆ ಒಲ್ಲೆ ಅಂದವರ ವಿರುದ್ಧವೇ ಅದನ್ನು ಎಣಿಸಬಹುದು. ಪರೀಕ್ಷೆಗೆ ಮುಂಚೆ ನೀವು ತೆಗೆದುಕೊಳ್ಳುವ ಔಷಧಿಯನ್ನೆಲ್ಲಾ ಬರೆದು ಕೊಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿದರೂ ಅಫೀಮು ಪತ್ತೆ ಮಾಡುವ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಪಾಸಿಟಿವ್ ತೋರಿಸಬಹುದು. ಪಟ್ಟಿ ಪರೀಕ್ಷೆ ಬರೀ ಸೋಸುವುದಕ್ಕೆ. ಪಾಸಿಟಿವ್ ಬಂದರೆ ಯಾವ ವಸ್ತು ಅಂತ ನಿಖರವಾಗಿ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಖಚಿತಪಡಿಸಿ ಅಂತ ಪಟ್ಟು ಹಿಡಿಯಿರಿ.

ಇನ್ನೊಂದು ಮಾತು. ಸಿಟ್ಟಿಗೆ ನೀವೂ ಅವರ ಮೇಲೆ ಏನಾದರೂ ಕಟ್ಟಿ ಬರೆಸಬೇಡಿ. ಆಧಾರವಿಲ್ಲದ ಕೆಟ್ಟ ಆರೋಪವನ್ನು ಕೋರ್ಟಿನ ಕಾಗದದಲ್ಲಿ ಬರೆಸುವುದೇ ಮಾನಸಿಕ ಕ್ರೌರ್ಯ ಆಗಬಹುದು. 1994ರ ಭಗತ್ ಪ್ರಕರಣದಲ್ಲಿ ಆದದ್ದು ಅದೇ. ನಿಮ್ಮ ಮೇಲಿನ ಆರೋಪ ಸುಳ್ಳಾದರೆ, ಅದೇ ಕ್ರೌರ್ಯ ಅಂತ ವಾದಿಸುವ ದಾರಿ ನಿಮಗೂ ಇದೆ.

ಅಕಸ್ಮಾತ್ ಸೇದುವುದು ನಿಜವಾಗಿದ್ದರೆ? ವಕೀಲರ ಹತ್ತಿರ ಮುಚ್ಚಿಡಬೇಡಿ. ನೀವು ಹೇಳಿದ್ದನ್ನು ಅವರು ಹೊರಗೆ ಹಾಕುವಂತಿಲ್ಲ. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಹೋಗಿ ಚಿಕಿತ್ಸೆ ಶುರು ಮಾಡಿ, ಒಂದು ಭೇಟಿಯನ್ನೂ ತಪ್ಪಿಸಬೇಡಿ. ಆರು ತಿಂಗಳ ಚಿಕಿತ್ಸೆಯ ದಾಖಲೆ ಹಿಡಿದು ಬಂದ ತಂದೆಗೂ, ಸಿಕ್ಕಿಬಿದ್ದ ಮೇಲೆ ಅಳುವ ತಂದೆಗೂ ತುಂಬಾ ವ್ಯತ್ಯಾಸ ಇದೆ.

ಪ್ರಶ್ನೆ: ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಚಟ ಬಿಡಿಸುವ ಪುಡಿ ಕೊಡುತ್ತಾರಂತೆ. ಗಂಡನಿಗೆ ಹಾಕಲಾ? — ಸೇಡಂ

ಬೇಡ ಯವ್ವಾ, ಖಂಡಿತಾ ಬೇಡ. ಆ ಪುಡಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ. ಜೀವಕ್ಕೆ ಅಪಾಯವಾದರೆ ವಿಷ ಹಾಕಿದಳು ಅಂತ ನಿಮ್ಮ ಮೇಲೆಯೇ ಕೇಸು ಬೀಳುತ್ತದೆ. ಅದನ್ನು ಮಾರುವವರು ಆಗ ಫೋನೂ ಎತ್ತುವುದಿಲ್ಲ. 14446ಕ್ಕೆ ಕರೆ ಮಾಡಿ, ಅದು ನಶೆ ಬಿಡಿಸುವ ಸರ್ಕಾರಿ ಸಹಾಯವಾಣಿ.

ಪ್ರಶ್ನೆ: ಕದ್ದು ಮಾಡಿದ ರೆಕಾರ್ಡಿಂಗ್ ನಡೆಯುತ್ತಾ? — ಶಹಾಬಾದ್

ಗಂಡ ಹೆಂಡತಿ ನಡುವಿನ ಕೇಸಿನಲ್ಲಿ ಬಳಸಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕತ್ತರಿಸಬೇಡಿ, ಮೂಲ ಫೋನು ಮಾರಬೇಡಿ.

ಪ್ರಶ್ನೆ: ಹೆಂಡತಿ ನಶೆ ಮಾಡುತ್ತಾಳೆ ಅಂದುಬಿಟ್ಟರೆ ಜೀವನಾಂಶ ತಪ್ಪುತ್ತಾ? — ಜೇವರ್ಗಿ

ಇಲ್ಲ. ಬರೀ ಬಾಯಿಮಾತಿಗೆ ಜೀವನಾಂಶ ನಿಲ್ಲುವುದಿಲ್ಲ.