ಮಳೆಗಾಲದ ಇಳಿಜಾರು ಮತ್ತು ಮುಂದಿನ ಬ್ರೇಕು

ಜೂನ್ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಸೈಕಲ್ ಜಾರುವುದರ ಬಗ್ಗೆಯೇ ಇರುತ್ತವೆ. ಈ ಸಲ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಹೋದ ವರ್ಷ ಡಿಸ್ಕ್ ಬ್ರೇಕಿನ ಮೌಂಟನ್ ಬೈಕ್ ತಗೊಂಡೆ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ತೋಟದ ರಸ್ತೆ ಇಳಿಯುವಾಗ ಹಿಂದಿನ ಚಕ್ರ ಅಡ್ಡಡ್ಡ ಜಾರುತ್ತದೆ. ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ ಅಂತ ಗೆಳೆಯರು ಹೇಳುತ್ತಾರೆ. ಹೌದಾ?
— ವಿದ್ಯಾರ್ಥಿ, ಸೋಮವಾರಪೇಟೆ

ಇಲ್ಲ. ನಿಮ್ಮ ಚಕ್ರ ಜಾರುತ್ತಿರುವುದೇ ಆ ಮಾತು ಕೇಳಿದ್ದರಿಂದ. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರವಾಗುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಹಗುರವಾದ ಚಕ್ರವನ್ನೇ ಗಟ್ಟಿಯಾಗಿ ಹಿಡಿದರೆ ಅದು ಲಾಕ್ ಆಗಿ ಜಾರದೆ ಇನ್ನೇನು ಮಾಡೀತು? ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು, ಮಳೆಯಲ್ಲೂ ಅಷ್ಟೆ.

ಆದರೆ ಅದನ್ನು ಇಳಿಜಾರಿನಲ್ಲಿ ಕಲಿಯಬೇಡಿ. ಮಳೆ ಬರುವಾಗ ಊರಿನ ಆಟದ ಮೈದಾನಕ್ಕೆ ಹೋಗಿ. ಯಾವ ಕೈಯ ಲಿವರ್ ಮುಂದಿನದು ಎಂದು ಮೊದಲು ನೋಡಿಕೊಳ್ಳಿ, ಎಲ್ಲ ಸೈಕಲ್ಲಿನಲ್ಲೂ ಒಂದೇ ಥರ ಇರುವುದಿಲ್ಲ. ಒಂದು ಕಲ್ಲು ಗುರುತಿಗೆ ಇಡಿ. ಅಲ್ಲಿಗೆ ಬಂದಾಗ ಬರೀ ಹಿಂದಿನ ಬ್ರೇಕ್ ಹಿಡಿದು ಎಲ್ಲಿ ನಿಲ್ಲುತ್ತೀರಿ ನೋಡಿ. ಆಮೇಲೆ ಬರೀ ಮುಂದಿನದು, ಆಮೇಲೆ ಎರಡೂ. ಒಂದೇ ಬೆರಳು ಸಾಕು. ಗಬಕ್ಕನೆ ಹಿಡಿಯಬಾರದು, ಒತ್ತಡವನ್ನು ಮೆಲ್ಲಗೆ ಏರಿಸುತ್ತಾ ಹೋಗಬೇಕು. ವ್ಯತ್ಯಾಸ ಕಣ್ಣಾರೆ ಕಂಡ ಮೇಲೆ ಗೆಳೆಯರ ಮಾತು ತಾನಾಗಿ ಮರೆತುಹೋಗುತ್ತದೆ.

ಇನ್ನು ಮೈ. ಸೀಟು ಇಳಿಸಿ, ಪೆಡಲ್ ಮೇಲೆ ನಿಂತುಕೊಳ್ಳಿ. ಎರಡು ಪೆಡಲ್ಲೂ ಒಂದೇ ಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗೆ, ಮೊಣಕೈ ಮೊಣಕಾಲು ಮಡಚಿರಲಿ. ಸೊಂಟವನ್ನು ಸ್ವಲ್ಪ ಹಿಂದಕ್ಕೆ ತಗ್ಗಿಸಿ. ಸ್ವಲ್ಪ ಮಾತ್ರ. ತೀರಾ ಹಿಂದೆ ಹೋಗಿ ಚಕ್ರದ ಮೇಲೆ ನೇತಾಡಿದರೆ ಮುಂದಿನ ಟೈರಿಗೆ ಭಾರವೇ ಸಿಗದೆ ತಿರುವಿನಲ್ಲಿ ಅದೇ ಮೊದಲು ಜಾರುತ್ತದೆ.

ಮುಂದಿನ ಬ್ರೇಕ್ ಬಿಡಬೇಕಾದ ಜಾಗಗಳೂ ಇವೆ, ಅವನ್ನು ದೂರದಿಂದಲೇ ಗುರುತಿಸಬೇಕು. ನಮ್ಮ ತೋಟದ ರಸ್ತೆಗಳಲ್ಲಿ ಚಕ್ರಕ್ಕೆಂದು ಎರಡು ಪಟ್ಟಿ ಕಾಂಕ್ರೀಟ್ ಹಾಕಿರುತ್ತಾರೆ ಅಲ್ವಾ? ಹೊಸಬರಿಗೆಲ್ಲ ಅದೇ ಭದ್ರ ಅನ್ನಿಸುತ್ತದೆ. ಜುಲೈ ಮಧ್ಯದಿಂದ ಶುರುವಾಗುವ ಕಕ್ಕಡ ತಿಂಗಳಲ್ಲಿ, ಸಿಲ್ವರ್ ಓಕ್ ನೆರಳಿನ ಕೆಳಗೆ, ಆ ಪಟ್ಟಿಯ ಮೇಲೆ ಪಾಚಿ ಕಟ್ಟಿರುತ್ತದೆ. ಹಸಿರಾಗಿ ಮಿಂಚುವ ಕಾಂಕ್ರೀಟಿಗಿಂತ ಪಕ್ಕದ ಕೆಂಪು ಜಲ್ಲಿಯೇ ಎಷ್ಟೋ ಒಳ್ಳೆಯದು, ಟೈರು ಅಲ್ಲಿ ಕಚ್ಚಿಕೊಳ್ಳುತ್ತದೆ. ಒದ್ದೆ ಬೇರು, ಮೋರಿಯ ಚಪ್ಪಡಿ, ಕೊಳೆತ ಎಲೆಯ ರಾಶಿ ಇವೂ ಹಾಗೆಯೇ. ಇವು ಬರುವ ಮೊದಲೇ ವೇಗ ಇಳಿಸಿ, ಮೇಲೆ ಹೋಗುವಾಗ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ. ಬೇರನ್ನು ನೇರಕ್ಕೆ ದಾಟಬೇಕು. ಓರೆಯಾಗಿ ಏರಿದರೆ ಚಕ್ರ ಅದರುದ್ದಕ್ಕೂ ಜಾರಿಕೊಂಡು ಹೋಗುತ್ತದೆ. ತಿರುವಿನಲ್ಲೂ ಇದೇ ಕ್ರಮ. ಮೊದಲು ಬ್ರೇಕು, ಆಮೇಲೆ ತಿರುವು.

ಟೈರಿನ ಗಾಳಿ ಒಮ್ಮೆ ನೋಡಿ. ಅಂಗಡಿಯಲ್ಲಿ ಕಲ್ಲಿನ ಹಾಗೆ ತುಂಬಿಸಿ ಕೊಡುವುದೇ ಹೆಚ್ಚು. ಟ್ಯೂಬ್ ಇರುವ 2.2 ಇಂಚಿನ ಟೈರಿಗೆ, 60–70 ಕಿಲೋ ತೂಕದವರಿಗೆ, 25ರಿಂದ 30 ಪಿಎಸ್‌ಐ ಸಾಕಾಗುತ್ತದೆ.

ನನ್ನ ಮಗಳಿಗೆ 13 ವರ್ಷ. ಮೌಂಟನ್ ಬೈಕಿಂಗ್ ತರಬೇತಿಗೆ ಸೇರುತ್ತೇನೆ ಎಂದು ಹಟ ಮಾಡುತ್ತಿದ್ದಾಳೆ. ಮಳೆ ನಿಲ್ಲುವ ತನಕ ಕಾಯಬೇಕಾ?
— ಒಬ್ಬ ತಾಯಿ, ವಿರಾಜಪೇಟೆ

ಕಾಯಬೇಡಿ. ದಯವಿಟ್ಟು ಸೇರಿಸಿ. ಹುಲ್ಲು ಮೆತ್ತಗಿರುವ ಈ ಕಾಲದಲ್ಲೇ ನಿಧಾನದ ಪಾಠಗಳನ್ನು ಕಲಿಸುವುದು ನನಗೂ ಇಷ್ಟ. ನಿಂತಲ್ಲೇ ಸಮತೋಲ ಹಿಡಿಯುವುದು, ಎಂಟರ ಆಕಾರದಲ್ಲಿ ಸುತ್ತುವುದು, ಅಡಿಕೆ ದಬ್ಬೆಯ ಮೇಲೆ ಮುಂದಿನ ಚಕ್ರ ಎತ್ತಿಡುವುದು. ಇವು ಬಂದ ಮಕ್ಕಳು ಮುಂದೆ ಇಳಿಜಾರಿಗೆ ಹೆದರುವುದಿಲ್ಲ. ಮೊದಲ ದಿನವೇ ಗುಡ್ಡಕ್ಕೆ ಕರೆದೊಯ್ಯುವ ತರಬೇತುದಾರರ ಹತ್ತಿರ ಮಾತ್ರ ಬೇಡ. ಮಕ್ಕಳನ್ನು ಮೊದಲು ದಾರಿಯುದ್ದಕ್ಕೂ ನಡೆಸಿ ತೋರಿಸುತ್ತಾರಾ, ಪ್ರತಿ ಸೈಕಲ್ಲಿನ ಬ್ರೇಕನ್ನು ಕೈಯಲ್ಲಿ ಹಿಡಿದು ನೋಡುತ್ತಾರಾ, ಕೇಳಿ.

ಒಂದು ಸಣ್ಣ ವಿಷಯ, ಹೆಣ್ಣುಮಕ್ಕಳಿಗೆ ಇದರಿಂದ ತುಂಬಾ ಸಹಾಯವಾಗುತ್ತದೆ. ಹೆಚ್ಚಿನ ಬ್ರೇಕ್ ಲಿವರ್‌ಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲಿಗೆ ಹತ್ತಿರ ಬರುತ್ತದೆ. ಬೆರಳು ಎಟುಕದ ಮಗುವಿಗೆ ಸುಮ್ನೆ ಧೈರ್ಯ ಹೇಳಿದರೆ ಪ್ರಯೋಜನವಿಲ್ಲ, ಆ ಸ್ಕ್ರೂ ತಿರುಗಿಸಿ ಕೊಡಬೇಕು. ಹೆಲ್ಮೆಟ್, ಗ್ಲೌಸ್, ಚಪ್ಪಟೆ ಅಟ್ಟೆಯ ಶೂ ಇರಲಿ. ಜಿಗಣೆಗೆ ಹೆದರಿ ಗಂಬೂಟ್ ಹಾಕಿಸಬೇಡಿ, ಪೆಡಲ್ ಮೇಲೆ ಅದು ಜಾರುತ್ತದೆ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿದರೆ ಸಾಕು.

ಜುಲೈಯಲ್ಲಿ ಗೆಳೆಯರ ಜೊತೆ ಕೊಡಗಿಗೆ ಬರುತ್ತಿದ್ದೇವೆ. ಮಾಂದಲ್‌ಪಟ್ಟಿ, ತಡಿಯಂಡಮೋಳ್ ಎರಡನ್ನೂ ಸೈಕಲ್ಲಿನಲ್ಲಿ ಮಾಡಬಹುದಾ?
— ಬೆಂಗಳೂರಿನ ಓದುಗರು

ಬೇಡ. 1,748 ಮೀಟರ್ ಎತ್ತರದ ತಡಿಯಂಡಮೋಳ್ ನಡೆದು ಹತ್ತುವ ಬೆಟ್ಟ, ಅದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಜೋರು ಮಳೆಯಲ್ಲಿ ಚಾರಣವನ್ನೇ ನಿಲ್ಲಿಸುವುದುಂಟು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದ್ದನ್ನು ನಾವು ಮರೆತಿಲ್ಲ. ಮಾಂದಲ್‌ಪಟ್ಟಿಯಂಥ ನೆನೆದ ಹುಲ್ಲುಗುಡ್ಡದ ಮೇಲೆ ಚಕ್ರ ಎಳೆದ ಗೀರಿನಲ್ಲಿ ನೀರು ಹರಿಯುತ್ತದೆ, ಮುಂದಿನ ವರ್ಷಕ್ಕೆ ಅದೇ ಕೊರಕಲಾಗುತ್ತದೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಬಂದೇ ಬರುತ್ತೀರಾದರೆ ಕುಶಾಲನಗರದ ಕಡೆ ಉಳಿದುಕೊಳ್ಳಿ. ಭಾಗಮಂಡಲದಷ್ಟು ಮಳೆ ಅಲ್ಲಿಲ್ಲ. ಹಳ್ಳಿ ರಸ್ತೆಗಳಲ್ಲಿ ಓಡಾಡಿ. ಯಾರದ್ದೇ ತೋಟ, ಬಾಣೆ (ಗದ್ದೆಗೆ ಸೇರಿದ ಕಾಡುಜಾಗ) ಇರಲಿ, ಕೇಳಿಯೇ ಒಳಗೆ ಹೋಗಿ. ಹಲಸು ಹಣ್ಣಾಗುವ ಕಾಲದಲ್ಲಿ ಆನೆಗಳು ತೋಟಕ್ಕೆ ಇಳಿಯುತ್ತವೆ. ಸೈಕಲ್ಲಿಗೆ ಸದ್ದಿಲ್ಲ, ಆನೆಗೂ ನಿಮ್ಮ ಸುಳಿವು ಸಿಗುವುದಿಲ್ಲ. ಹಾಗಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಸವಾರಿ ಬೇಡ.

ನನ್ನ ಸೈಕಲ್ಲಿನ ಶಿಮಾನೊ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಹಿಡಿಯುವ) ಬ್ರೇಕ್ ಮೆತ್ತಗಾಗಿತ್ತು. ಮೋಟಾರ್‌ಬೈಕ್ ಮೆಕ್ಯಾನಿಕ್ ಸ್ಕೂಟರಿನ ಬ್ರೇಕ್ ಆಯಿಲ್ ಹಾಕಿಕೊಟ್ಟರು. ಒಂದು ವಾರ ಚೆನ್ನಾಗಿತ್ತು, ಈಗ ಲಿವರ್ ಸಿಕ್ಕಿಕೊಳ್ಳುತ್ತಿದೆ.
— ನಾಪೋಕ್ಲುವಿನ ಓದುಗರು

ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಬೇಕು. ಸ್ಕೂಟರಿನದು ಡಾಟ್ ಆಯಿಲ್, ಅದು ಈ ಬ್ರೇಕಿನ ಒಳಗಿರುವ ರಬ್ಬರ್ ಸೀಲ್‌ಗಳನ್ನು ಊದಿಸಿ ಹಾಳು ಮಾಡುತ್ತದೆ. ತೊಳೆದು ಸರಿಯಾದ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂದು ನಂಬಬೇಡಿ. ಲಿವರ್, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಎರಡನ್ನೂ ಬದಲಿಸುವುದೇ ಸುರಕ್ಷಿತ. ಹಾಗೆಯೇ ಡಿಸ್ಕಿಗೆ ಒತ್ತುವ ಪ್ಯಾಡೂ ನೋಡಿಸಿ. ನಮ್ಮ ಕೆಸರು ನೀರಿಗೆ ರೆಸಿನ್ ಪ್ಯಾಡು ಬೇಗ ಸವೆಯುತ್ತದೆ, ನಿಮ್ಮ ಡಿಸ್ಕಿಗೆ ಹೊಂದುವುದಾದರೆ ಲೋಹದ ಪ್ಯಾಡ್ ಹಾಕಿಸಿ. ಮಡಿಕೇರಿಯಲ್ಲಿ ಸಿಗದಿದ್ದರೆ ಮೈಸೂರಿನಿಂದ ತರಿಸಿಕೊಳ್ಳಿ. ಅಲ್ಲಿಯ ತನಕ ಆ ಸೈಕಲ್ಲನ್ನು ರಸ್ತೆಗೆ ಇಳಿಸಬೇಡಿ.